ಅಕ್ಷರಗಳೆಲ್ಲ ಧನವೆಂದು ಭಾವಿಸಿ

ಕಾರ್ಕಳ
೧೨ ಜೂನ್ ೧೯೯೯

ಪ್ರೀತಿಯ ವಾರಿಜಾ,

ನಿನ್ನ ಕಾಗದ ತಲುಪಿತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ ಬಿದ್ದಿದ್ದೀ. ಅಂಗನವಾಡಿಯಲ್ಲಿ ಸಹಾಯಕಿಯಾಗಿರುವ ನೀನು ಕಾರ್ಯಕರ್ತೆಯಾಗಬೇಕಾದರೆ ಅದು ಪಾಸಾಗಲೇಬೇಕು. ಅಕ್ಟೋಬರಿನಲ್ಲಿ ಮತ್ತೆ ಕೂರುತ್ತೇನೆ, ಅಂಚೆಯಲ್ಲಿ ಪಾಠ ಹೇಳಿಕೊಡುತ್ತೀರಾ ಎಂದು ಕೇಳಿದ್ದೀ. ಹೇಳಿಕೊಡುತ್ತೇನೆ. ನಿವೃತ್ತನಾಗಿ ಕಾರ್ಕಳಕ್ಕೆ ಬಂದ ಮೇಲೆ ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆಯುವುದೇ ನನ್ನ ಉದ್ಯೋಗ. ಅವರಲ್ಲಿ ಯಾರೂ ಉತ್ತರ ಬರೆಯುವುದಿಲ್ಲ. ನೀನಾದರೂ ಬರೆಯುತ್ತೀಯಲ್ಲ.

ನೀನು ಜಿತೇಂದ್ರನ ತಂಗಿ ಎಂಬುದನ್ನು ಕಾಗದದ ಕೊನೆಯಲ್ಲಿ ಬರೆದಿದ್ದೀ, ಮೊದಲೇ ಬರೆಯಬೇಕಿತ್ತು. ಕಾಪುವಿನ ಶಾಲೆಯಲ್ಲಿ ನಾನಿದ್ದಷ್ಟು ವರ್ಷ ಅವನಂಥ ತಲೆಯನ್ನು ಇನ್ನೊಂದು ಕಾಣಲಿಲ್ಲ. ತೊಂಬತ್ತೊಂದರಲ್ಲಿ ನಿನ್ನ ತಂದೆಯ ಬೋಟು ಗಾಳಿಗೆ ಸಿಕ್ಕಿ ಮುಳುಗಿತು. ತಂದೆಯ ದೇಹ ದಡಕ್ಕೆ ಬಂತು, ಹದಿನೇಳರ ಆ ಹುಡುಗನದು ಬರಲಿಲ್ಲ. ಅವನನ್ನು ಹುಡುಕಿದವರು ಯಾರು, ಎಲ್ಲಿಯವರೆಗೆ ಹುಡುಕಿದರು ಎಂದು ಆಗ ನಾನು ಪತ್ರಿಕೆಗೆ ಬರೆದಿದ್ದೆ. ಅಚ್ಚಾಗಲಿಲ್ಲ. ನಾನು ಮರೆತಿಲ್ಲ.

ಇರಲಿ. ನೀನು ಅಂಜಿರುವುದು ಅಕ್ಷರಗಳಿರುವ ವರ್ಗಮೂಲಕ್ಕೆ. ವರ್ಗಮೂಲದ ಚಿಹ್ನೆಯನ್ನು ಒಂದು ಮನೆಯ ಮಾಡು ಎಂದುಕೋ. ಅದರ ಒಳಗಿರುವುದನ್ನು ಪೂರ್ತಿ ಬಿಡಿಸಿ ಬರೆ. √(12x²y) ಎಂದರೆ ಒಳಗೆ ಎರಡು, ಎರಡು, ಮೂರು, x, x, y ಕೂತಿದ್ದಾರೆ. ಜೋಡಿ ಸಿಕ್ಕಿದವರು ಹೊರಗೆ ಬರುತ್ತಾರೆ. ಜೋಡಿ ಇಲ್ಲದವರು ಒಳಗೇ ಉಳಿಯುತ್ತಾರೆ. ಉತ್ತರ 2x√(3y). ಇಷ್ಟೇ. ಪಠ್ಯಪುಸ್ತಕ ಬರೆದ ಮಹಾಶಯರು ಇದನ್ನು ಹೇಳಲು ನಾಲ್ಕು ಪುಟ ತೆಗೆದುಕೊಂಡು, ಕೊನೆಗೂ ಹೇಳಿಲ್ಲ.

√(50a³), √(72p⁴q), ಇವೆರಡನ್ನು ಮಾಡಿ ಕಳುಹಿಸು.

ನಿನ್ನ
ಮೌರಿಸ್ ಲೋಬೊ


ಕಾಪು
೨೧ ಜೂನ್ ೧೯೯೯

ಮಾನ್ಯ ಮಾಸ್ಟ್ರಿಗೆ ವಾರಿಜಾಳ ನಮಸ್ಕಾರಗಳು.

ಲೆಕ್ಕ ಮಾಡಿ ಇದರೊಟ್ಟಿಗೆ ಇಟ್ಟಿದ್ದೇನೆ. ಮೊದಲನೆಯದಕ್ಕೆ 25a²√(2a) ಬಂತು. ಐದು ಐದು ಜೋಡಿ, a a ಜೋಡಿ. ಎಲ್ಲರನ್ನೂ ಹೊರಗೆ ತಂದಿದ್ದೇನೆ. ಒಂದು a ಮತ್ತು ಎರಡು ಒಳಗೆ ಉಳಿದವು.

ನಿಮ್ಮ ಕಾಗದವನ್ನು ಬಾಯಿಪಾಠ ಮಾಡಲು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮನ ತಮ್ಮ ಕೂಸಪ್ಪ ಮಾವ ಬಲೆ ಹೊಲಿಯುತ್ತಾ ಕೂತಿದ್ದರು. "ಜೋಡಿ ಇಲ್ಲದವರು ಒಳಗೇ ಉಳಿಯುತ್ತಾರೆ" ಎಂದು ಓದಿದ್ದೇ ತಡ, ಸೂಜಿ ಕೆಳಗಿಟ್ಟರು.

"ಎಂತ ಎಂತ? ಇನ್ನೊಮ್ಮೆ ಓದು."

ಓದಿದೆ.

"ನಿನ್ನ ಮಾಸ್ಟ್ರು ಇಗರ್ಜಿಗೆ ಹೋಗುವವರಾದರೂ ನಮ್ಮ ವಿಷಯ ಎಲ್ಲ ಗೊತ್ತುಂಟಲ್ಲ ಮಾರಾಯ್ತಿ!"

"ಮಾವ, ಇದು ಲೆಕ್ಕ."

"ಲೆಕ್ಕವೇ. ನಾನು ಬೇರೆಂತ ಹೇಳಿದೆ?"

ಅಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು. ಇಬ್ಬರೂ ಜಗಲಿಯ ಬೆಂಚನ್ನು ನೋಡಿದರು. ನಿಮಗೆ ಹೇಳಬಹುದೋ ಗೊತ್ತಿಲ್ಲ, ಆ ಬೆಂಚಿನಲ್ಲಿ ಅಣ್ಣ ಓದಲು ಕೂರುತ್ತಿದ್ದ ಜಾಗ ಕೆಲವು ಬೆಳಿಗ್ಗೆ ಒದ್ದೆ ಇರುತ್ತದೆ. ಮೇ ತಿಂಗಳ ಬಿಸಿಲಿನಲ್ಲೂ ಇತ್ತು. ಮುಟ್ಟಿ ನಾಲಿಗೆಗೆ ಇಟ್ಟರೆ ಉಪ್ಪು. ಅಮ್ಮ ಒರೆಸುತ್ತಾರೆ. ನನ್ನನ್ನು ನೋಡಲು ಬಂದ ಸಂಬಂಧದವರು ಆ ಬೆಂಚಿನ ಮೇಲೆ ಕೂತು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಮುಂದಿನ ಪಾಠ ಕಳುಹಿಸಿ.

ವಾರಿಜಾ


ಕಾರ್ಕಳ
೨೭ ಜೂನ್ ೧೯೯೯

ಪ್ರೀತಿಯ ವಾರಿಜಾ,

ಎರಡು ಲೆಕ್ಕದಲ್ಲೂ ಒಂದೇ ತಪ್ಪು. ಜೋಡಿ ಹೊರಗೆ ಬರುವಾಗ ಇಬ್ಬರಾಗಿ ಬರುವುದಿಲ್ಲ, ಒಬ್ಬರಾಗಿ ಬರುತ್ತಾರೆ. ಒಳಗೆ ಐದು ಐದು, ಹೊರಗೆ ಒಂದೇ ಐದು. ಮೊದಲನೆಯದರ ಉತ್ತರ 5a√(2a), ಎರಡನೆಯದನ್ನು ನೀನೇ ತಿದ್ದು.

ಬೆಂಚಿನ ವಿಷಯಕ್ಕೆ ಒಂದೇ ಮಾತು. ಉಪ್ಪುಗಾಳಿಯ ಊರಿನಲ್ಲಿ ಹಳೆಯ ಮರ ನೀರು ಹೀರುತ್ತದೆ, ಬಿಡುತ್ತದೆ. ಬಡಗಿಗೆ ತೋರಿಸಿ, ಜೋಯಿಸರಿಗಲ್ಲ.

ಈಗ ಪರೀಕ್ಷೆಗೆ ಬೇಡದ ಒಂದು ಪಾಠ. √(x²) ಎಂದರೆ x ಎಂದು ಎಲ್ಲರೂ ಬರೆಯುತ್ತಾರೆ. x ಎನ್ನುವುದು ಋಣ ಐದು ಆಗಿದ್ದರೆ? ವರ್ಗ ಮಾಡಿದರೆ ಇಪ್ಪತ್ತೈದು. ಮೂಲ ತೆಗೆದರೆ ಧನ ಐದು. ಒಳಗೆ ಹೋದವನೇ ಬೇರೆ, ಹೊರಗೆ ಬಂದವನೇ ಬೇರೆ. ಆದ್ದರಿಂದ ಹೊರಗೆ ತರುವ ಮೊದಲು ಅಕ್ಷರದ ಚಿಹ್ನೆ ಯಾವುದು ಎಂದು ಕೇಳಬೇಕು. ಗೊತ್ತಿಲ್ಲದಿದ್ದರೆ ಎರಡು ಪಕ್ಕ ಗೆರೆ ಎಳೆದು |x| ಎಂದು ಬರೆಯಬೇಕು. ನಿಮ್ಮ ಪುಸ್ತಕದಲ್ಲಿ ಈ ತೊಂದರೆಯೇ ಬೇಡವೆಂದು ಅಧ್ಯಾಯದ ತಲೆಯ ಮೇಲೆ "ಅಕ್ಷರಗಳೆಲ್ಲ ಧನವೆಂದು ಭಾವಿಸಿ" ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಭಾವಿಸುವುದು ಸುಲಭ.

ಈ ಪ್ರಶ್ನೆಯನ್ನು ನಾನು ಯಾವ ತರಗತಿಗೂ ಹೇಳಿಕೊಟ್ಟಿರಲಿಲ್ಲ. ಒಂಬತ್ತನೆಯಲ್ಲಿ ಜಿತೇಂದ್ರ ಎದ್ದು ನಿಂತು ಕೇಳಿದ: "ಸರ್, ಅವನು ಋಣ ಆಗಿದ್ದರೆ ಎಂತ ಮಾಡುವುದು?" ಇಡೀ ಕ್ಲಾಸು ನಕ್ಕಿತು. ನಾನು ನಗಲಿಲ್ಲ.

ಮೌರಿಸ್ ಲೋಬೊ


ಕಾಪು
೧೪ ಜುಲೈ ೧೯೯೯

ಮಾನ್ಯ ಮಾಸ್ಟ್ರಿಗೆ,

ಈ ಸಲ ಲೆಕ್ಕ ಮಾಡಲು ಆಗಲಿಲ್ಲ, ಕ್ಷಮಿಸಿ.

ಮಾವ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಮದುವೆಯಾಗದೆ ಹೋದ ಗಂಡು ಉಂಟು, ಅವನಿಗೆ ದಾರಿ ಬೇಕು ಎಂದು ಬಂತು. ನಿಮ್ಮ ಕಡೆ ಈ ಕ್ರಮ ಇಲ್ಲ, ಅದಕ್ಕೆ ಬರೆಯುತ್ತೇನೆ. ಮದುವೆಯಾಗದೆ ತೀರಿದ ಹುಡುಗನಿಗೆ, ಹಾಗೇ ತೀರಿದ ಹುಡುಗಿಯನ್ನು ಇನ್ನೊಂದು ಬಳಿಯಲ್ಲಿ, ಎಂದರೆ ಬೇರೆ ಕುಲದಲ್ಲಿ, ಹುಡುಕಿ, ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತೇವೆ. ಕುಲೆ ಮದಿಮೆ ಎನ್ನುತ್ತೇವೆ. ಜೀವ ಇದ್ದವರಿಗೆ ಮದುವೆ ಇಲ್ಲದ ತಿಂಗಳು ಅದು. ಧಾರೆ, ಊಟ, ದಿಬ್ಬಣ ಎಲ್ಲ ಉಂಟು. ಆ ಮೇಲೆ ಇಬ್ಬರೂ ಹೊರಟು ಹೋಗುತ್ತಾರೆ, ಮನೆಗೆ ನೆಮ್ಮದಿ.

ಹುಡುಗಿಯೂ ಸಿಕ್ಕಿದಳು. ಮಲ್ಪೆಯವಳು, ಹೆಸರು ಶರ್ಮಿಳಾ. ಎರಡನೇ ಕ್ಲಾಸಿನಲ್ಲಿರುವಾಗ ಜ್ವರ ಬಂದು ಹೋದವಳು. ನಾನು ಮಾವನಿಗೆ ಹೇಳಿದೆ, ಅವಳು ಮಗು ಅಲ್ವಾ ಎಂದು.

"ಹೋದವರೂ ಬೆಳೆಯುತ್ತಾರೆ. ಈಗ ಇಪ್ಪತ್ತೆರಡು ಅವಳಿಗೆ. ಒಳ್ಳೆ ಸೀರೆ ತೆಗೆಯಬೇಕು," ಎಂದರು.

ಅವಳ ತಾಯಿ ನಮ್ಮ ಮನೆ ನೋಡಲು ಬಂದರು. ಬಾವಿಯ ನೀರು ಕುಡಿದು ನೋಡಿದರು. "ನಮ್ಮ ಹುಡುಗಿಗೆ ಕತ್ತಲೆ ಆಗುವುದಿಲ್ಲ, ಒಂದು ದೀಪ ಇಡಿ," ಎಂದು ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ಈ ಎಂಟು ವರ್ಷದಲ್ಲಿ ಮೊದಲ ಸಲ ಜೋರಾಗಿ ಅತ್ತದ್ದು ಆಗ.

ಆಗಸ್ಟ್ ಎಂಟು, ಆದಿತ್ಯವಾರ. ಅಣ್ಣನ ಮಾಸ್ಟ್ರು ನೀವು. ಬರಬೇಕು ಎಂದು ಅಮ್ಮ ಹೇಳಿದ್ದಾರೆ. ನಿಮ್ಮ ಪಾಠದಿಂದಲೇ ಮಾವನಿಗೆ ಇದು ಹೊಳೆದದ್ದಂತೆ.

ವಾರಿಜಾ


ಕಾರ್ಕಳ
೧೭ ಜುಲೈ ೧೯೯೯

ವಾರಿಜಾ,

ನನ್ನ ಪಾಠದಿಂದ! ನಾನು ಬೀಜಗಣಿತ ಹೇಳಿಕೊಟ್ಟರೆ ನಿಮ್ಮ ಮಾವ ಹೆಣ್ಣು ಹುಡುಕಲು ಹೊರಟರೋ? ನನ್ನ ಹೆಂಡತಿ ಕಾನ್ಸೆಪ್ಟಾ ನಿನ್ನ ಕಾಗದ ಓದಿ, "ನಲವತ್ತು ವರ್ಷದಲ್ಲಿ ನಿಮ್ಮ ಪಾಠ ಅರ್ಥ ಮಾಡಿಕೊಂಡವರು ಅವರೊಬ್ಬರೇ ಮಾರಾಯ್ರೆ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿಮ್ಮ ಕ್ರಮವನ್ನು ನಾನು ಹಾಸ್ಯ ಮಾಡುವುದಿಲ್ಲ. ನವೆಂಬರ್ ಎರಡರಂದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವವರು ನಾವೂ. ನನ್ನ ಆಕ್ಷೇಪ ಬೇರೆ. ಆ ಹುಡುಗಿ ತೀರಿಕೊಂಡದ್ದನ್ನು ಅವಳ ತಾಯಿ ಕಣ್ಣಾರೆ ಕಂಡಿದ್ದಾಳೆ. ಜಿತೇಂದ್ರ ತೀರಿಕೊಂಡದ್ದನ್ನು ಕಂಡವರು ಯಾರು? ದೇಹ ಸಿಕ್ಕಿತೇ? ದೇಹದ ಬದಲು ದರ್ಭೆಯ ಬೊಂಬೆ ಸುಟ್ಟಿರಿ. ಚಿಹ್ನೆ ಕೇಳದೆ ಅಕ್ಷರವನ್ನು ಹೊರಗೆ ತೆಗೆಯುತ್ತಿದ್ದೀರಿ. ಬದುಕಿರುವವನನ್ನು ಸತ್ತವಳಿಗೆ ಕೊಟ್ಟರೆ ಅದರ ಅರ್ಥ ಏನಾಗುತ್ತದೆ ಎಂದು ಕೂಸಪ್ಪನವರನ್ನು ಕೇಳು.

ಇನ್ನೂ ಒಂದು. ಆ ಬೆಂಚಿನಲ್ಲಿ ಜಿತೇಂದ್ರ ಒಬ್ಬನೇ ಕೂರುತ್ತಿದ್ದನೇ? ನಿಜ ಬರೆ.

ಮೌರಿಸ್ ಲೋಬೊ


ಕಾಪು
೨೧ ಜುಲೈ ೧೯೯೯

ಮಾನ್ಯ ಮಾಸ್ಟ್ರಿಗೆ,

ನೀವು ಕೇಳಿದ್ದನ್ನು ಮಾವನಿಗೆ ಕೇಳಿದೆ. "ಎಂಟು ವರ್ಷ ಕಡಲಿನಲ್ಲಿ ಯಾರು ಮಾರಾಯ್ತಿ ಬದುಕುವುದು, ಬೂತಾಯಿ ಮೀನಾ?" ಎಂದರು. ಅಮ್ಮ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ.

ಆ ಬೆಂಚಿನಲ್ಲಿ ಅಪ್ಪನೂ ಕೂರುತ್ತಿದ್ದರು. ಅಣ್ಣ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು, ಅಕ್ಷರ ಬಾರದಿದ್ದರೂ. ಅಪ್ಪನ ಕ್ರಿಯೆ ಎಲ್ಲ ಸರಿಯಾಗಿ ಆಗಿದೆ, ಹಾಗಾಗಿ ಬರುವವನು ಅಣ್ಣನೇ ಎಂದು ನಾವು ತೀರ್ಮಾನ ಮಾಡಿದೆವು. ನೀವು ಕೇಳಿದ ಮೇಲೆ ನನಗೆ ಬೆಳಿಗ್ಗೆ ಜಗಲಿಗೆ ಹೋಗಲು ಹೆದರಿಕೆ ಆಗುತ್ತದೆ. ಬರುವುದು ಅಪ್ಪ ಎಂದಾದರೆ, ಅವರು ಯಾರನ್ನು ಕಾಯುವುದು?

ವಾರಿಜಾ


ಕಾರ್ಕಳ
೨೬ ಜುಲೈ ೧೯೯೯

ಪ್ರೀತಿಯ ವಾರಿಜಾ,

ಮದುವೆಯನ್ನು ಒಂದು ತಿಂಗಳು ಮುಂದೆ ಹಾಕಲು ಸಾಧ್ಯವೇ? ಕಾರಣ ಕೇಳಬೇಡ.

√(x² + 9) ಎಷ್ಟು ಎಂದು ಬರೆದು ಕಳುಹಿಸು.

ಮೌರಿಸ್ ಲೋಬೊ


ಕಾಪು
೩೦ ಜುಲೈ ೧೯೯೯

ಮಾನ್ಯ ಮಾಸ್ಟ್ರಿಗೆ,

ಮುಂದೆ ಹಾಕಲು ಆಗುವುದಿಲ್ಲ. ಆಟಿ ಮುಗಿಯುತ್ತದೆ. ಮಲ್ಪೆಯವರು ಸೀರೆ ತೆಗೆದಾಗಿದೆ, ಹಸಿರು, ಕೆಂಪು ಅಂಚು. ಶಂಕರಪುರಕ್ಕೆ ಮಲ್ಲಿಗೆಗೂ ಹೇಳಿದ್ದೇವೆ. ನಿಮಗೆ ಬರಲು ಮನಸ್ಸಿಲ್ಲದಿದ್ದರೆ ಹಾಗೆಯೇ ಬರೆಯಬಹುದಿತ್ತು. ಬೇಸರ ಮಾಡುತ್ತಿರಲಿಲ್ಲ.

ಉತ್ತರ x + 3.

ವಾರಿಜಾ


ಕಾರ್ಕಳ
೭ ಆಗಸ್ಟ್ ೧೯೯೯, ಶನಿವಾರ

ವಾರಿಜಾ,

ಮದುವೆ ನಿಲ್ಲಿಸು. ಈ ಕಾಗದವನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ, ಕಾಪು ಸ್ಟ್ಯಾಂಡಿನ ಹೂವಿನ ಅಂಗಡಿಗೆ ಮುಟ್ಟಿಸುತ್ತಾನೆ. ನಿಮ್ಮ ನೆರೆಮನೆಯ ಫೋನು ಮಳೆಗೆ ಸತ್ತಿದೆ. ನಾನೇ ಬರೋಣವೆಂದರೆ ಕಾನ್ಸೆಪ್ಟಾಳನ್ನು ಕಣ್ಣಿನ ಆಪರೇಶನ್ನಿಗೆ ಮಣಿಪಾಲದಲ್ಲಿ ಸೇರಿಸಿದ್ದೇನೆ; ಈಗ ಅಲ್ಲಿಗೇ ಹೊರಟಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿ ವ್ಯಾಲೆಂಟೈನ್ ಗುಜರಾತಿನ ವೆರಾವಳದಲ್ಲಿ ಐಸ್ ಪ್ಲಾಂಟಿನ ಮೆಕ್ಯಾನಿಕ್. ಮಳೆಗಾಲದ ರಜೆಯಲ್ಲಿ ಬಂದವನು ಜುಲೈಯಲ್ಲಿ ನನಗೆ ಹೇಳಿದ: ಅಲ್ಲಿಯ ಬಂದರಿನಲ್ಲಿ ಜಿತೇಂದ್ರನಂಥವನೊಬ್ಬನನ್ನು ಕಂಡೆ, ಮಾತನಾಡಿಸುವಷ್ಟರಲ್ಲಿ ಗುಂಪಿನೊಳಗೆ ಹೋದ. "ಅಂಥವನು" ಎಂಬ ಮಾತನ್ನು ಹಿಡಿದು ನಿಮ್ಮ ಅಮ್ಮನ ಮುಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಖಚಿತ ಮಾಡಿ ಬರೆ ಎಂದು ಅವನನ್ನು ಕಳುಹಿಸಿದ್ದೆ. ಉತ್ತರ ಇವತ್ತು ಬಂತು. ಅವನೇ. ಗುಜರಾತಿಯವರ ಬೋಟಿನಲ್ಲಿದ್ದಾನೆ. ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದನಂತೆ. "ಅಪ್ಪನನ್ನು ನೀರಿನಲ್ಲಿ ಬಿಟ್ಟು ಬಂದವನು ಅಮ್ಮನಿಗೆ ಯಾವ ಮುಖ ತೋರಿಸುವುದು?" ಎಂದನಂತೆ.

ನಿಲ್ಲಿಸು.

ಮೌರಿಸ್


ಕಾಪು
೧೨ ಆಗಸ್ಟ್ ೧೯೯೯

ಮಾನ್ಯ ಮಾಸ್ಟ್ರಿಗೆ,

ಶನಿವಾರ ಬಸ್ಸು ಬರುವಾಗ ಹೂವಿನ ಅಂಗಡಿ ಮುಚ್ಚಿತ್ತಂತೆ, ಆದಿತ್ಯವಾರ ತೆರೆಯಲಿಲ್ಲ. ಕಾಗದ ಸಿಕ್ಕಿದ್ದು ಸೋಮವಾರ. ಆಗ ಎಲ್ಲ ಮುಗಿದಿತ್ತು.

ಎರಡು ಮಣೆ ಇಟ್ಟಿದ್ದರು. ಒಂದರ ಮೇಲೆ ಅಣ್ಣನಿಗೆ ಪಂಚೆ, ಅಂಗಿ. ಇನ್ನೊಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಧಾರೆ ಆಗುವಾಗ ಗಂಡಿನ ಅಕ್ಕತಂಗಿ ಅವನ ಅಂಗಿಯ ತಟ್ಟೆ ಎತ್ತಬೇಕು, ಹೆಣ್ಣಿನ ಕಡೆಯವರು ಸೀರೆಯ ತಟ್ಟೆ. ಹೋದವರು ಬಂದು ಕೂತರೆ ತಟ್ಟೆ ಭಾರವಾಗುತ್ತದೆ, ಗೊತ್ತಾಗುತ್ತದೆ ಎಂದು ಮಾವ ಮೊದಲೇ ಹೇಳಿದ್ದರು.

ಅವಳ ಸೀರೆಯ ತಟ್ಟೆಯನ್ನು ಅವಳ ಚಿಕ್ಕಮ್ಮನಿಗೆ ಎತ್ತಲು ಆಗಲಿಲ್ಲ. ಇಬ್ಬರು ಹಿಡಿದರು.

ನನ್ನ ಕೈಯಲ್ಲಿ ಅಣ್ಣನ ಅಂಗಿ ಅಂಗಿಯಷ್ಟೇ ಇತ್ತು. ಗಾಳಿ ಬಂದರೆ ಹಾರುತ್ತಿತ್ತು.

"ಭಾರ ಆಯಿತಾ?" ಎಂದು ಮಾವ ಕೇಳಿದರು. ಎಲ್ಲರೂ ನೋಡುತ್ತಿದ್ದರು. ಅಮ್ಮ ನೋಡುತ್ತಿದ್ದರು. "ಆಯಿತು," ಎಂದೆ.

ನಿಮ್ಮ ಕಾಗದ ಓದಿ ಅಮ್ಮನಿಗೆ ಹೇಳಲಿಲ್ಲ. ಅಮ್ಮ ಈಗ ರಾತ್ರಿ ನಿದ್ರೆ ಮಾಡುತ್ತಾರೆ. ಮಾವನಿಗೆ ಮಾತ್ರ ಹೇಳಿದೆ. "ಮಾಸ್ಟ್ರು ಕಂಡದ್ದಾ? ಅಲ್ಲ. ಕಂಡವನು ಬೇರೆ, ಹೇಳುವವರು ಬೇರೆ. ಬಾಯಿ ಮುಚ್ಚು," ಎಂದರು. ಆದರೆ ಅವತ್ತು ಬಲೆಯ ಸೂಜಿ ಮುಟ್ಟಲಿಲ್ಲ.

ಅವಳು ಬಂದದ್ದು ನಿಜ ಮಾಸ್ಟ್ರೆ. ಅಣ್ಣ ಇರಲಿಲ್ಲ. ಧಾರೆ ಆದ ಮೇಲೆ ಅವಳು ಯಾರೊಟ್ಟಿಗೆ ಹೋದಳು?

ವಾರಿಜಾ


ಕಾರ್ಕಳ
೨೫ ಆಗಸ್ಟ್ ೧೯೯೯

ಪ್ರೀತಿಯ ವಾರಿಜಾ,

ಕಾನ್ಸೆಪ್ಟಾಳ ಕಣ್ಣಿನ ಕಟ್ಟು ಇನ್ನೂ ಬಿಚ್ಚಿಲ್ಲ. ಅವಳಿಗೆ ನಾನೇ ಅನ್ನ ಕಲಸಿ ಕೊಡಬೇಕು. ಆದ್ದರಿಂದ ಬರಲಾಗಿಲ್ಲ.

ಜಿತೇಂದ್ರನಿಗೆ ಎರಡು ಕಾಗದ ಬರೆದೆ. ಈಗ ವ್ಯಾಲೆಂಟೈನ್ ಬರೆಯುತ್ತಾನೆ: ನಿಮ್ಮ ಮದುವೆಯ ಮರುದಿನ, ಸೋಮವಾರ ಬೆಳಿಗ್ಗೆ ಬೋಟು ಹೊರಡುವ ಹೊತ್ತಿಗೆ ಜಿತೇಂದ್ರ ಹಲಗೆಯಿಂದ ಕೆಳಗಿಳಿದು, ಬಂದರಿನ ಗೇಟಿನ ಕಡೆ ನೋಡುತ್ತಾ ನಿಂತನಂತೆ. ಯಾರನ್ನು ನೋಡುತ್ತೀ ಎಂದು ಜೊತೆಯವರು ಕೇಳಿದರು. ಗೇಟು ದಾಟಿ ನಡೆದು ಹೋದ. ಚಪ್ಪಲಿ ಬೋಟಿನಲ್ಲೇ ಉಳಿಯಿತು.

ನಾನು ತಿಳಿದದ್ದನ್ನು ಬರೆದಿದ್ದೇನೆ. ಅದಕ್ಕೆ ಅರ್ಥ ಹಚ್ಚುವುದಿಲ್ಲ, ನೀನೂ ಹಚ್ಚಬೇಡ. ಅಮ್ಮನಿಗೆ ಹೇಳು. ನಾನು ಜುಲೈಯಲ್ಲಿ ಮಾಡಿದ್ದನ್ನೇ ನೀನೂ ಮಾಡುತ್ತಿದ್ದೀ.

x + 3 ತಪ್ಪು. ಕೂಡಿಸಿ ಕಟ್ಟಿದ್ದನ್ನು ಬಿಡಿಬಿಡಿಯಾಗಿ ಹೊರಗೆ ತರಲಾಗದು. ಅದು ಹಾಗೆಯೇ ಒಟ್ಟಿಗೆ ಇರುತ್ತದೆ.

ಮೌರಿಸ್ ಲೋಬೊ


ಕಾಪು
೨ ಸೆಪ್ಟೆಂಬರ್ ೧೯೯೯

ಮಾಸ್ಟ್ರೆ,

ಅವನು ಬಂದಿದ್ದಾನೆ.

ಸೋಮವಾರ ಇನ್ನಂಜೆಯಲ್ಲಿ ರೈಲು ಇಳಿದು ಗದ್ದೆಬದಿಯಲ್ಲಿ ನಡೆದುಕೊಂಡು ಬಂದದ್ದನ್ನು ಜನ ನೋಡಿದ್ದಾರೆ. ಬರಿಗಾಲು, ಗಡ್ಡ. ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಮೀನು ಕುಯ್ಯುತ್ತಿದ್ದರು. "ಅಮ್ಮಾ" ಎಂದು ಕರೆದ. ಅಮ್ಮ ತಲೆ ಎತ್ತಲಿಲ್ಲ. ಕತ್ತಿ, ಮೀನು ಅಲ್ಲೇ ಬಿಟ್ಟು ಒಳಗೆ ಬಂದು ಚಿಲಕ ಹಾಕಿದರು. ನಾನು ಒಳಗಿದ್ದೆ. ಕಿಟಕಿಯಿಂದ ನೋಡಿದೆ. ಅಪ್ಪನ ಭುಜ, ಅಪ್ಪನ ನಿಲ್ಲುವ ರೀತಿ.

ಮದುವೆ ಮಾಡಿ ಕಳುಹಿಸಿಕೊಟ್ಟವರು ತಿರುಗಿ ಬಂದು ಕರೆದರೆ ಓಗೊಡಬಾರದು. ಒಮ್ಮೆ "ಆಂ" ಎಂದರೆ ಮತ್ತೆ ಹೋಗುವುದಿಲ್ಲ, ಮನೆಯಿಂದ ಒಬ್ಬರನ್ನು ಕರೆದುಕೊಂಡೇ ಹೋಗುವುದು. ಮಾವ ಹೊಸ್ತಿಲಿಗೆ ಸಾಸಿವೆ ಚೆಲ್ಲಿದ್ದಾರೆ. ಈಗ ಅಮ್ಮನಿಗೆ ಎಲ್ಲ ಹೇಳಿದೆ, ನಿಮ್ಮ ಕಾಗದಗಳನ್ನೂ ಓದಿದೆ. ಅಮ್ಮ ಹೇಳಿದ್ದು ಒಂದೇ ಮಾತು: "ನನ್ನ ಮಗ ಬದುಕಿದ್ದರೆ ಎಂಟು ವರ್ಷ ನನ್ನನ್ನು ಹೀಗೆ ಬಿಡುತ್ತಿದ್ದನಾ? ಇದು ಅವನಲ್ಲ."

ಅವನು ಕಡಲಬದಿಯ ಬಲೆಯ ಶೆಡ್ಡಿನಲ್ಲಿ ಕೂತಿದ್ದಾನೆ. ಹೆಂಗಸರು ಆ ದಾರಿ ಬಿಟ್ಟಿದ್ದಾರೆ. ಚಾದ ಅಂಗಡಿಯವನು ಅವನು ಕುಡಿದ ಗ್ಲಾಸನ್ನು ಒಡೆದು ಹಾಕಿದ. ಎರಡು ಚಾ ಕೇಳಿದನಂತೆ, ಒಂದನ್ನು ಕುಡಿದು ಇನ್ನೊಂದನ್ನು ಪಕ್ಕದಲ್ಲಿ ಇಟ್ಟು ಆರುವವರೆಗೆ ಕಾದನಂತೆ.

ನಾನೂ ಹೋಗಲಿಲ್ಲ ಮಾಸ್ಟ್ರೆ. ಅವನು ಬದುಕಿದ್ದಾನೆಂದು ಈ ಊರಿನಲ್ಲಿ ಮೊದಲು ತಿಳಿದವಳು ನಾನು. ಕಿಟಕಿಯ ಹತ್ತಿರ ನಿಂತಿದ್ದೇನೆ ಅಷ್ಟೇ.

ವಾರಿಜಾ


ಕಾರ್ಕಳ
೪ ಸೆಪ್ಟೆಂಬರ್ ೧೯೯೯

ವಾರಿಜಾ,

ಸತ್ತವಳಿಗೆ ಬಾವಿಯ ನೀರಿನ ರುಚಿ ತೋರಿಸಿ, ದೀಪ ಇಟ್ಟು, ಮಲ್ಲಿಗೆ ತರಿಸಿದಿರಿ. ಬದುಕಿರುವವನಿಗೆ ಚಿಲಕ ಹಾಕಿದಿರಿ. ಇದನ್ನು ಯಾವ ಪತ್ರಿಕೆಗೆ ಬರೆಯಲಿ?

ಹೋಗು. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವ ಹಾಗೆ ಹೋಗು. ಅವನ ಮಣಿಕಟ್ಟು ಹಿಡಿದು ನಾಡಿ ನೋಡು. ಗಂಜಿ ಕೊಡು. ಅವನು ಯಾರು ಎಂದು ನೀವು ನೀವೇ ಮಾತಾಡಿಕೊಂಡು ತೀರ್ಮಾನ ಮಾಡಿದ್ದು ಸಾಕು. ಅವನನ್ನು ಕೇಳು. ಆ ಒಂದು ಕೆಲಸವನ್ನು ಈ ಎಂಟು ವರ್ಷದಲ್ಲಿ ಯಾರೂ ಮಾಡಿಲ್ಲ, ನಾನೂ ಸೇರಿ.

ಮೌರಿಸ್


ಕಾಪು
೯ ಸೆಪ್ಟೆಂಬರ್ ೧೯೯೯

ಪೂಜ್ಯ ಮಾಸ್ಟ್ರಿಗೆ,

ಹೋದೆ. ಗಂಜಿ, ಒಣಮೀನಿನ ಚಟ್ನಿ ತೆಗೆದುಕೊಂಡು ಹೋದೆ. ಕೈ ಹಿಡಿದೆ. ಬಿಸಿ ಇತ್ತು, ನಾಡಿ ಹೊಡೆಯುತ್ತಿತ್ತು. ಅಣ್ಣನೇ. ನನ್ನನ್ನು ನೋಡಿ, "ನಿನ್ನ ಕೋರೆಹಲ್ಲು ಬಂತಲ್ಲ," ಎಂದ. ಅವನು ಹೋಗುವಾಗ ನನಗೆ ಹತ್ತು ವರ್ಷ, ಆ ಹಲ್ಲು ಬಿದ್ದಿತ್ತು.

ಗಂಜಿ ನೋಡಿ, "ಎರಡು ಬಟ್ಟಲು ತರಬೇಕಿತ್ತು ಮಾರಾಯ್ತಿ," ಎಂದ.

"ಯಾರಿಗೆ?"

"ಇವಳಿಗೆ." ಪಕ್ಕದ ಬಲೆಯ ರಾಶಿ ತೋರಿಸಿದ. ಅಲ್ಲಿ ಯಾರೂ ಇರಲಿಲ್ಲ. "ವೆರಾವಳದಲ್ಲಿ ಗೇಟಿನ ಹತ್ತಿರ ನಿಂತಿದ್ದಳು. ತಪ್ಪಿಸಿಕೊಂಡ ಮಗು ಎಂದುಕೊಂಡೆ. ನಾನು ನಿಂತರೆ ನಿಲ್ಲುತ್ತಾಳೆ. ಇವಳು ದಕ್ಷಿಣಕ್ಕೆ ನಡೆದರೆ ನನಗೆ ಅಲ್ಲಿ ಉಳಿಯಲು ಆಗುವುದಿಲ್ಲ. ಅರ್ಧ ದಾರಿ ನಡೆದು, ಅರ್ಧ ರೈಲಿನಲ್ಲಿ ಬಂದೆವು. ಬೇಗ ನಡೆಯಲಾರಳು, ಅದಕ್ಕೆ ಇಷ್ಟು ದಿನ ಹಿಡಿಯಿತು."

"ಮಗುವಾ?"

"ಆರೋ ಏಳೋ ವರ್ಷ ಇರಬೇಕು. ಯಾರೋ ಹೆಡ್ಡರು ದೊಡ್ಡವರ ಸೀರೆ ಉಡಿಸಿದ್ದಾರೆ. ಹಸಿರು, ಕೆಂಪು ಅಂಚು. ಕಾಲಿಗೆ ಸಿಕ್ಕಿ ಸಿಕ್ಕಿ ಬೀಳುತ್ತಾಳೆ."

ಮಾಸ್ಟ್ರೆ, ಮದುವೆಯ ವಿಷಯ ಅವನಿಗೆ ಯಾರೂ ಹೇಳಿಲ್ಲ. ಅವನೊಟ್ಟಿಗೆ ಊರಿನಲ್ಲಿ ಯಾರೂ ಮಾತೇ ಆಡಿಲ್ಲ.

ಅವನನ್ನು ಕರೆದುಕೊಂಡು ಬಂದು ಮುಚ್ಚಿದ ಬಾಗಿಲಿಗೆ ಬಾಯಿ ಇಟ್ಟು ಎಲ್ಲ ಹೇಳಿದೆ. ಸೀರೆಯ ಅಂಚು ಹೇಳಿದೆ. ಬೀಳುತ್ತಾಳೆ ಎಂದೆ. ಒಳಗೆ ಪಾತ್ರೆಯ ಸದ್ದು. ಅಮ್ಮ ಬಾಗಿಲು ತೆಗೆದರು. ಕೈಯಲ್ಲಿ ಅರಸಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ. ಮದುಮಗಳು ಮೊದಲ ಸಲ ಬಂದರೆ ಎತ್ತುವ ಆರತಿ. "ಅಕ್ಕ, ನೀನು ಎತ್ತಬಾರದು, ಗಂಡ ಇಲ್ಲದವಳು," ಎಂದು ಮಾವ ಓಡಿ ಬಂದರು.

"ನೀನು ಸುಮ್ಮನಿರು ಕೂಸಪ್ಪ. ಬೆಳೆಯುತ್ತಾರೆ ಎಂದೆಯಲ್ಲ, ಎಲ್ಲಿ ಬೆಳೆದದ್ದು?"

ಅಮ್ಮ ಅಣ್ಣನ ಮುಖ ನೋಡಲಿಲ್ಲ. ಅವನ ಸೊಂಟದ ಪಕ್ಕ, ಮಗುವಿನ ತಲೆ ಇರುವಷ್ಟು ಎತ್ತರದಲ್ಲಿ ಬಗ್ಗಿ ತಟ್ಟೆ ಸುತ್ತಿದರು. "ಬಾ ಬಾಲೆ, ಬಲಗಾಲು ಇಟ್ಟು ಬಾ. ಈ ಹೆಡ್ಡ ನಿನ್ನನ್ನು ಎಷ್ಟು ದೂರ ನಡೆಸಿದ!" ಎಂದರು. ಸಾಸಿವೆಯನ್ನು ಕಾಲಿನಿಂದ ಬದಿಗೆ ಸರಿಸಿದರು. ಅಣ್ಣ ಅಳುತ್ತಾ ಒಳಗೆ ಬಂದ. ಅಪ್ಪನನ್ನು ಹಿಡಿದುಕೊಳ್ಳಲು ಆಗಲಿಲ್ಲ ಅಮ್ಮ ಎಂದ. ಅಮ್ಮ ಅವನ ತಲೆಗೆ ಒಂದು ಕುಟ್ಟಿದರು, ಮತ್ತೆ ಹಿಡಿದುಕೊಂಡರು. ಅವತ್ತಿನಿಂದ ಬೆಂಚು ಒಣಗಿದೆ.

ಅಮ್ಮ ಅವಳನ್ನು ಸೊಸೆ ಎನ್ನುವುದಿಲ್ಲ, ಮಗಳು ಎನ್ನುತ್ತಾರೆ. ನನ್ನ ಹಳೆಯ ಲಂಗ ಕತ್ತರಿಸಿ ಚಿಕ್ಕದು ಹೊಲಿದು ಮೊಳೆಗೆ ಹಾಕಿದ್ದಾರೆ. ಬೆಳಿಗ್ಗೆ ಅದರ ಅಂಚಿಗೆ ಮರಳು ಇರುತ್ತದೆ.

ಆದರೆ ಸಂಜೆಯಾದರೆ ಅವಳು ಎದ್ದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾಳಂತೆ. ಆಗ ಅಣ್ಣನೂ ಏಳುತ್ತಾನೆ. ನಾವು ಹಿಡಿದುಕೊಂಡರೂ ಅವನ ಕಾಲು ಅತ್ತ ಎಳೆಯುತ್ತದೆ. ಅವಳು ನಡೆದರೆ ನನಗೆ ಇಲ್ಲಿ ಉಳಿಯಲು ಆಗುವುದಿಲ್ಲ ಎನ್ನುತ್ತಾನೆ. ಮೊನ್ನೆ ಕಡಲಿನವರೆಗೆ ಹೋಗಿದ್ದ. ಯಾಕೆ ಹೋಗುತ್ತಾಳೆ ಎಂದು ಅಮ್ಮ ಕೇಳಿಸಿದರು. ಅಣ್ಣ ಸ್ವಲ್ಪ ಹೊತ್ತು ಬಗ್ಗಿ ಕೇಳಿ ಹೇಳಿದ: "ಶಾಲೆಗೆ ತಡವಾಯಿತು ಎನ್ನುತ್ತಾಳೆ."

ಅಮ್ಮ ನಿಮಗೆ ಬರೆಯಲು ಹೇಳಿದರು. ಬಾಲೆ ಎರಡನೇ ಕ್ಲಾಸಿನಲ್ಲೇ ಉಂಟು. ಮಾಸ್ಟ್ರು ವಾರಿಜಾಳಿಗೆ ಅಂಚೆಯಲ್ಲಿ ಪಾಠ ಕಳುಹಿಸುತ್ತಾರಲ್ಲ, ಇವಳಿಗೂ ಕಳುಹಿಸುತ್ತಾರಾ ಕೇಳು ಎಂದರು.

ನೀವು ನಂಬಬೇಕು ಎಂದು ನಾನು ಹೇಳುವುದಿಲ್ಲ.

ವಾರಿಜಾ


ಕಾರ್ಕಳ
೧೧ ಸೆಪ್ಟೆಂಬರ್ ೧೯೯೯

ಪ್ರೀತಿಯ ಶರ್ಮಿಳಾ,

ನಾನು ಮೌರಿಸ್ ಮಾಸ್ಟ್ರು. ಈ ಕಾಗದವನ್ನು ವಾರಿಜಾ ನಿನಗೆ ಸಂಜೆ ಹೊತ್ತಿನಲ್ಲಿ, ದೀಪ ಹಚ್ಚಿ, ಬೆಂಚಿನ ಮೇಲೆ ಕೂರಿಸಿಕೊಂಡು ನಿಧಾನವಾಗಿ ಓದಿ ಹೇಳುತ್ತಾಳೆ.

ಶಾಲೆಗೆ ತಡವಾಗಿಲ್ಲ. ಶಾಲೆ ನೀನಿರುವ ಮನೆಗೇ ಬರುತ್ತದೆ, ಪ್ರತಿ ವಾರ, ಅಂಚೆಯಣ್ಣನ ಕೈಯಲ್ಲಿ. ಹಾಗಾಗಿ ಗೇಟಿನ ಹತ್ತಿರ ಹೋಗುವ ಅಗತ್ಯವಿಲ್ಲ. ಪಾಠ ಮುಗಿಯುವ ಮೊದಲು ಎದ್ದು ಹೋಗುವುದು ನನ್ನ ಕ್ಲಾಸಿನಲ್ಲಿ ನಡೆಯುವುದಿಲ್ಲ. ಬೇಕಾದರೆ ಜಿತೇಂದ್ರನನ್ನು ಕೇಳು. ಸ್ಲೇಟು ಅವನು ಹಿಡಿದುಕೊಳ್ಳಲಿ.

ನೀನು ಎಲ್ಲಿಯವರೆಗೆ ಕಲಿತಿದ್ದೆ ಎಂದು ನನಗೆ ಗೊತ್ತಿಲ್ಲ. ನಾನು ಊಹಿಸಿಕೊಳ್ಳುವುದೂ ಇಲ್ಲ. ಸುಲಭದ್ದರಿಂದ ಶುರು ಮಾಡೋಣ. ಉತ್ತರಕ್ಕೆ ಅವಸರ ಮಾಡಬೇಡ, ಎಷ್ಟು ದಿನ ಬೇಕಾದರೂ ತೆಗೆದುಕೋ, ನಾನು ಕಾಯುತ್ತೇನೆ.

ಏಳಕ್ಕೆ ಒಂದು ಕೂಡಿಸು.